ಅಮ್ಮನ ಮಂಡಿ, ನನ್ನ ಕಾರು

ಆಪರೇಷನ್ ಆಗಿ ಏಳು ವಾರಕ್ಕೆ ಅಮ್ಮನನ್ನು ಮತ್ತೆ ಮಂಡಿ ಡಾಕ್ಟರಿಗೆ ತೋರಿಸಬೇಕಿತ್ತು. ಆಸ್ಪತ್ರೆಯ ಬಾಗಿಲ ಮುಂದೆ ಕಾರು ನಿಲ್ಲಿಸಿ, ಇಳಿದು, ಸುತ್ತಿ ಬಂದು ಎಡಗಡೆ ಡೋರ್ ತೆಗೆದೆ. ಅಮ್ಮ ಎಡಗಾಲನ್ನು ತಾನೇ ಹೊರಗಿಟ್ಟಳು. ಬಲಗಾಲನ್ನು ಎರಡೂ ಕೈಯಲ್ಲಿ ಹಿಡಿದು, ತುಂಬಿದ ಬಿಂದಿಗೆ ಎತ್ತಿಡುವ ಹಾಗೆ ಎತ್ತಿ ಹೊರಗಿಟ್ಟಳು. ಅಲ್ಲಿಗೆ ಅರ್ಧ ಕೆಲಸ ಆಯಿತು. ಇನ್ನು ಏಳಬೇಕು. ನನ್ನ ಕಾರಿನ ಸೀಟು ಎಷ್ಟು ಕೆಳಗಿದೆ ಅಂದರೆ, ಕೂತವರ ಮಂಡಿ ಸೊಂಟಕ್ಕಿಂತ ಮೇಲಿರುತ್ತದೆ. ಹೊಸ ಮಂಡಿ ಹಾಕಿಸಿಕೊಂಡವರಿಗೆ ಫಿಸಿಯೋಥೆರಪಿಯವರು ಹೇಳುವ ಮಾತುಗಳಲ್ಲಿ ಒಂದು, ತಗ್ಗಾದ ಜಾಗದಲ್ಲಿ ಕೂರಬೇಡಿ ಅಂತ. ಅಮ್ಮನ ಬಲಗೈ ನನ್ನ ಹೆಗಲ ಮೇಲಿತ್ತು. ಎಡಗೈ ಮೇಲೆ ಹೋಗಿ ತಡಕಾಡಿ, ಡೋರಿನ ಚೌಕಟ್ಟಿನ ರಬ್ಬರ್ ಬೀಡಿಂಗನ್ನು ನಾಲ್ಕು ಬೆರಳಲ್ಲಿ ಹಿಡಿಯಿತು. ಒಂದು ಸಲ ಅರ್ಧ ಎದ್ದು ಮತ್ತೆ ಕೂತುಬಿಟ್ಟಳು. ಹಿಂದೆ ಎರಡು ಕಾರು ಕಾಯುತ್ತಿದ್ದವು. ಸೆಕ್ಯೂರಿಟಿಯವರು ಓಡಿ ಬಂದು, 'ನಿಧಾನ ಅಜ್ಜಿ, ಅರ್ಜೆಂಟ್ ಇಲ್ಲ' ಅಂತ ಇನ್ನೊಂದು ಪಕ್ಕ ಹಿಡಿದರು. ಮೂರು ಜನ ಸೇರಿ ಒಬ್ಬರು ಎದ್ದು ನಿಂತೆವು.

ವಾಪಸ್ ಬರುವಾಗ ಅಮ್ಮ ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ, ನನಗೆ ಬೇಜಾರಾಗಬಾರದು ಅನ್ನುವ ದನಿಯಲ್ಲಿ ಹೇಳಿದಳು: 'ಮುಂದಿನ ಸಲ ಆಟೋದಲ್ಲಿ ಬರೋಣ ಕಣೆ. ಆಟೋ ಹತ್ತೋದು ಸುಲಭ.'

ಆ ಮಾತು ಇವತ್ತಿನವರೆಗೂ ಬಿಟ್ಟಿಲ್ಲ. ಮನೆ ಕೆಳಗೆ ಕಾರಿದೆ. ಹತ್ತೊಂಬತ್ತು ವರ್ಷದಿಂದ ಮಗುವಿನ ಹಾಗೆ ನೋಡಿಕೊಂಡ ಕಾರು. ಆದರೂ ನನ್ನ ತಾಯಿಗೆ ಆಟೋ ವಾಸಿ ಅನ್ನಿಸುತ್ತಿದೆ.

ಎರಡು ದನಿಯ ಇಂಜಿನ್

ಕಾರು ಯಾವುದು ಅಂತ ಹೇಳಿಬಿಡುತ್ತೇನೆ. 2001ರ ಹೋಂಡಾ ಸಿಟಿ, 1.5 ವಿಟೆಕ್. ಈಗಿನ ಹುಡುಗರಿಗೆ ಇದು ಸ್ಪೋರ್ಟ್ಸ್ ಕಾರ್ ಅನ್ನಿಸಲಿಕ್ಕಿಲ್ಲ. ನಾಲ್ಕು ಬಾಗಿಲು, ಹಿಂದೆ ಡಿಕ್ಕಿ, ನೋಡಲು ಮಾಮೂಲಿ ಸೆಡಾನ್. ಆದರೆ ಆ ಕಾಲದಲ್ಲಿ ನಮ್ಮಂಥವರ ಕೈಗೆ ಎಟುಕುವ ಸ್ಪೋರ್ಟ್ಸ್ ಕಾರ್ ಅಂದರೆ ಇದೇ. 106 ಕುದುರೆ ಶಕ್ತಿ, ಒಂದು ಟನ್ನಿನ ಆಸುಪಾಸಿನ ತೂಕ, ನೆಲಕ್ಕೆ ಅಂಟಿದ ಹಾಗಿರುವ ಮೈ. ತಿರುವಿನಲ್ಲಿ ಸ್ಟೀರಿಂಗ್ ಹಿಡಿದವರಿಗೆ ಟೈರಿನ ಕೆಳಗೆ ಏನಿದೆ ಅನ್ನುವುದು ಅಂಗೈಗೆ ಗೊತ್ತಾಗುತ್ತದೆ. ಇವತ್ತು ಅಮ್ಮನಿಗೆ ಕಷ್ಟ ಕೊಡುತ್ತಿರುವ ಆ ತಗ್ಗು ಸೀಟಿಗೂ ಇದಕ್ಕೂ ಸಂಬಂಧ ಇದೆ. ಕೂತವರು ಕೆಳಗಿದ್ದಷ್ಟೂ ಭಾರ ಕೆಳಗಿರುತ್ತದೆ. ಭಾರ ಕೆಳಗಿದ್ದಷ್ಟೂ ಕಾರು ತಿರುವಿನಲ್ಲಿ ಕಡಿಮೆ ವಾಲುತ್ತದೆ. ನನಗೆ ಇಷ್ಟವಾದ ಗುಣ, ಅಮ್ಮನಿಗೆ ಆಗದ ಗುಣ, ಎರಡೂ ಒಂದೇ.

ಇನ್ನು ವಿಟೆಕ್ ಬಗ್ಗೆ. ಇಂಜಿನ್ ಒಳಗೆ ಗಾಳಿ, ಪೆಟ್ರೋಲ್ ಹೋಗಲು ವಾಲ್ವ್‌ಗಳಿರುತ್ತವೆ. ಆ ವಾಲ್ವ್‌ಗಳನ್ನು ಒತ್ತಿ ತೆರೆಯುವುದು ಕ್ಯಾಮ್, ಅಂದರೆ ಉಬ್ಬುಗಳಿರುವ, ತಿರುಗುವ ಒಂದು ಕಂಬಿ. ಮಾಮೂಲಿ ಇಂಜಿನ್ನಿನಲ್ಲಿ ಕ್ಯಾಮಿನ ಉಬ್ಬು ಒಂದೇ ಅಳತೆಯದು. ಅದನ್ನು ನಿಧಾನ ಓಡಾಟಕ್ಕೆ ಹೊಂದಿಸಿದರೆ ವೇಗದಲ್ಲಿ ಉಸಿರು ಸಾಲದು, ವೇಗಕ್ಕೆ ಹೊಂದಿಸಿದರೆ ಸಿಗ್ನಲ್ಲಿನಲ್ಲಿ ಕೆಮ್ಮುತ್ತದೆ. ಹೋಂಡಾದವರು ಎರಡು ಅಳತೆಯ ಉಬ್ಬು ಇಟ್ಟರು. ಅದೇ ವಿಟೆಕ್. ಮೊದಲು ಬಂದಿದ್ದು ಜಪಾನಿನಲ್ಲಿ, 1989ರ ಇಂಟೆಗ್ರಾ ಕಾರಿನಲ್ಲಿ. ನಿಧಾನಕ್ಕೆ ಹೋಗುವಾಗ ಚಿಕ್ಕ ಉಬ್ಬು ಕೆಲಸ ಮಾಡುತ್ತದೆ. ಇಂಜಿನ್ ನಿಮಿಷಕ್ಕೆ 5,000 ಸುತ್ತಿನ ಹತ್ತಿರ ಬಂದಾಗ ಆಯಿಲ್ಲಿನ ಒತ್ತಡಕ್ಕೆ ಒಂದು ಸಣ್ಣ ಪಿನ್ ಸರಿದು ಕೂರುತ್ತದೆ. ಅಲ್ಲಿಂದ ದೊಡ್ಡ ಉಬ್ಬಿನ ಆಟ. ವಾಲ್ವ್ ಜಾಸ್ತಿ ತೆರೆಯುತ್ತದೆ, ಜಾಸ್ತಿ ಹೊತ್ತು ತೆರೆದಿರುತ್ತದೆ. ಕೂತವರಿಗೆ ಇದ್ಯಾವುದೂ ಕಾಣುವುದಿಲ್ಲ. ದನಿ ಬದಲಾಗುವುದು ಮಾತ್ರ ಕೇಳಿಸುತ್ತದೆ. ಅಲ್ಲಿಯವರೆಗೆ ಗುನುಗುತ್ತಿದ್ದವರು ಒಮ್ಮೆಲೇ ಎದ್ದು ನಿಂತು ಹಾಡಿದ ಹಾಗೆ.

2007ರಲ್ಲಿ ಎರಡೂವರೆ ಲಕ್ಷ ಕೊಟ್ಟು ಸೆಕೆಂಡ್ ಹ್ಯಾಂಡ್ ತಗೊಂಡೆ. ನನಗೆ ಆಗ 30. ಪೂರ್ತಿ ನನ್ನ ಸಂಬಳದ ದುಡ್ಡು. 'ಅಕ್ಕ, ಇದೇ ದುಡ್ಡಿಗೆ ಹೊಸ ಆಲ್ಟೊ ಬರುತ್ತೆ, ಮೈಲೇಜೂ ಜಾಸ್ತಿ' ಅಂದ ತಮ್ಮ. ಆಫೀಸಿನಲ್ಲಿ ಒಬ್ಬರು, ಹೆಣ್ಣುಮಕ್ಕಳಿಗೆ ಚಿಕ್ಕ ಕಾರು ಒಳ್ಳೆಯದು ಅಂದರು. ಯಾರಿಗೂ ಉತ್ತರ ಕೊಡಲಿಲ್ಲ. ಹೋಗಿ ತಂದೆ.

ಬಾಳ್ಳುಪೇಟೆ ದಾಟಿದ ಮೇಲೆ

ಅಪ್ಪ ಸಕಲೇಶಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ಹಾಜರಿ ಪುಸ್ತಕ, ಬಟವಾಡೆ, ಗೊಬ್ಬರದ ಲೆಕ್ಕ, ಇದರ ಜೊತೆ ತೋಟದ ಜೀಪು ಓಡಿಸುವ ಕೆಲಸವೂ ಅವರದೇ. ಮಳೆಗಾಲದಲ್ಲಿ ಜಿಗಣೆ, ಕೆಸರು ತುಂಬಿದ ಏರುದಾರಿಯಲ್ಲಿ ಆ ಜೀಪನ್ನು ಬರೀ ದನಿ ಕೇಳಿಕೊಂಡೇ ಓಡಿಸುತ್ತಿದ್ದರು. ಯಾವ ಗೇರಿಗೆ ಯಾವಾಗ ಬರಬೇಕು ಅನ್ನುವುದು ಅವರಿಗೆ ಕಿವಿಯಲ್ಲೇ ಗೊತ್ತಾಗುತ್ತಿತ್ತು. ಸ್ವಂತ ಕಾರು ಅಂತ ಅವರ ಹತ್ತಿರ ಯಾವತ್ತೂ ಇರಲಿಲ್ಲ.

ಕಾರು ತಗೊಂಡ ಮೂರನೇ ವಾರ ಅವರು ಬೆಂಗಳೂರಿಗೆ ಬಂದಿದ್ದರು. ಊರಿಗೆ ನಾನೇ ಬಿಟ್ಟು ಬರುತ್ತೇನೆ ಅಂದೆ. ಆಗ ಹಾಸನದ ರಸ್ತೆ ಈಗಿನ ಹಾಗೆ ನಾಲ್ಕು ಪಥ ಇರಲಿಲ್ಲ. ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ, ಎಲ್ಲ ಊರೊಳಗೇ ಹೋಗಬೇಕು. ಎದುರಿಗೆ ಮಂಗಳೂರಿನ ಟ್ಯಾಂಕರುಗಳು, ನೀರು ಸುರಿಸಿಕೊಂಡು ಬರುವ ಮೀನಿನ ಲಾರಿಗಳು. ಹಾಸನದವರೆಗೆ ಅಪ್ಪ ಒಂದು ಮಾತೂ ಆಡಲಿಲ್ಲ. ಅವರ ಕಾಲು ಮಾತ್ರ ಆಗಾಗ ಇಲ್ಲದ ಬ್ರೇಕ್ ಒತ್ತುತ್ತಿತ್ತು. ಬಾಳ್ಳುಪೇಟೆ ದಾಟಿದ ಮೇಲೆ ರಸ್ತೆ ತೋಟಗಳ ಮಧ್ಯೆ ತಿರುಗಲು ಶುರು ಮಾಡುತ್ತದೆ, ಅಲ್ವಾ. ಒಂದು ಏರಿನಲ್ಲಿ ಮರದ ಲಾರಿ ಅಡ್ಡ ಸಿಕ್ಕಿತು. ಮುಂದೆ ಖಾಲಿ ನೇರ ರಸ್ತೆ ಕಂಡಿತು. ಎರಡನೇ ಗೇರಿಗೆ ಇಳಿಸಿ ಒತ್ತಿದೆ. ಮೀಟರಿನ ಮುಳ್ಳು ಮೇಲೆ ಹೋಯಿತು, ದನಿ ಬದಲಾಯಿತು, ಲಾರಿ ಹಿಂದೆ ಉಳಿಯಿತು.

ಅಪ್ಪ ನನ್ನ ಕಡೆ ತಿರುಗಿದರು. 'ಏನದು? ಬೇರೆ ಇಂಜಿನ್ ಬಂತಲ್ಲ?'

ಪಿನ್ನಿನ ಕಥೆ ಹೇಳಿದೆ. ಪೂರ್ತಿ ಕೇಳಿದರು. ಊರು ಬರುವವರೆಗೆ ಆ ದನಿಯನ್ನು ಇನ್ನೂ ಎರಡು ಸಲ ಕೇಳಿಸಿಕೊಂಡರು. ಮನೆ ಮುಂದೆ ಇಳಿದ ಮೇಲೆ ಬಾನೆಟ್ ತೆಗೆಸಿ, ಕೈ ಹಿಂದೆ ಕಟ್ಟಿಕೊಂಡು, ದೇವಸ್ಥಾನದಲ್ಲಿ ನಿಂತ ಹಾಗೆ ನಿಂತು ನೋಡಿದರು. ಅಮ್ಮ ಕಾಫಿ ತಂದು ಆರಿಹೋಗುತ್ತೆ ಅಂತ ಎರಡು ಸಲ ಕರೆದಳು. ನಾನು ಕೆಲಸಕ್ಕೆ ಸೇರಿದಾಗ, ಬಡ್ತಿ ಸಿಕ್ಕಾಗ ಅಪ್ಪ ಖುಷಿಪಟ್ಟಿದ್ದು ಉಂಟು. ಆದರೆ ನನ್ನ ಬದುಕಿನ ಯಾವುದೋ ಒಂದು ವಿಷಯ ಅವರಿಗೆ ಒಳಗಿನಿಂದ ಅರ್ಥ ಆಯಿತು ಅಂತ ನನಗೆ ಅನ್ನಿಸಿದ್ದು ಆವತ್ತು. ಅವರು ತೀರಿಕೊಂಡು ಎಂಟು ವರ್ಷ ಆಯಿತು. ಈ ಕಾರಿನ ಮೇಲೆ ನನಗಿರುವ ಪ್ರೀತಿಯಲ್ಲಿ ಅವರ ಪಾಲು ಎಷ್ಟು, ಕಾರಿನ ಪಾಲು ಎಷ್ಟು ಅಂತ ಬೇರೆ ಮಾಡಿ ನೋಡಲು ಪ್ರಯತ್ನಪಟ್ಟಿದ್ದೇನೆ. ಆಗುವುದಿಲ್ಲ.

ಲೆಕ್ಕ

ಖರ್ಚಿನ ವಿಷಯ ಬೇಗ ಮುಗಿಸುತ್ತೇನೆ. ಹಳೇ ಕಾರು ಇಟ್ಟುಕೊಂಡ ಎಲ್ಲರಿಗೂ ಇದು ಗೊತ್ತಿರುವ ಕಥೆ. ಹದಿನೈದು ವರ್ಷ ಆದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ರಿನ್ಯೂ ಮಾಡಿಸಬೇಕು. ಮೊದಲ ಸಲ ಮಾಡಿಸಿದಾಗ ಫೀಸು ನೂರರ ಲೆಕ್ಕದಲ್ಲಿತ್ತು. 2022ರ ಏಪ್ರಿಲ್‌ನಿಂದ ಅದು 5,000 ಆಯಿತು. 2025ರಲ್ಲಿ ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 10,000 ಮಾಡಿದರು. ನನ್ನದು ಈಗ ಮೂರನೇ ಸಲಕ್ಕೆ ಬಂದಿದೆ. ಅದರ ಜೊತೆ ಹಸಿರು ತೆರಿಗೆ, ಇನ್ಶೂರೆನ್ಸ್, ಫಿಟ್‌ನೆಸ್‌ಗೆ ಒಂದು ದಿನ ರಜೆ. ದುಡ್ಡಿಗಿಂತ ದೊಡ್ಡ ತಲೆನೋವು ಪೆಟ್ರೋಲು. ಈಗ ಬಂಕಿನಲ್ಲಿ ಸಿಗುವ ಮಾಮೂಲಿ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಭಾಗ ಎಥೆನಾಲ್. 2001ರ ಕಾರಿನ ರಬ್ಬರ್ ಪೈಪು, ವಾಷರುಗಳನ್ನು ಅದಕ್ಕಾಗಿ ಮಾಡಿದ್ದಲ್ಲ. ಕಳೆದ ವರ್ಷ ವಿಲ್ಸನ್ ಗಾರ್ಡನ್ನಿನ ನಮ್ಮ ಮೆಕ್ಯಾನಿಕ್ ಭಾಯ್ ಪೆಟ್ರೋಲ್ ಪೈಪಿನ ಒಂದು ತುಂಡು ಬಿಚ್ಚಿ ನನ್ನ ಕೈಯಲ್ಲಿಟ್ಟರು. ಬಗ್ಗಿಸಿದರೆ ಒಣಗಿದ ಹುರುಳಿಕಾಯಿಯ ಹಾಗೆ ಬಿರುಕು ಬಿಟ್ಟಿತು. 'ಪೈಪ್ ನಾನ್ ಹಾಕ್ತೀನಿ ಮೇಡಂ. ಆದ್ರೆ ಒಳಗಡೆ ಏನೇನ್ ಹಿಂಗಾಗಿದ್ಯೋ ಅದು ನಂಗೂ ಕಾಣಲ್ಲ' ಅಂದರು. ಸ್ಪೇರ್ ಪಾರ್ಟ್ ಅಂಗಡಿಗಳ ಜೆ.ಸಿ. ರೋಡಿನಲ್ಲಿ ಮೊದಲು ಹೆಸರು ಹೇಳಿದರೆ ಪಾರ್ಟ್ ತಂದು ಕೌಂಟರ್ ಮೇಲೆ ಇಡುತ್ತಿದ್ದರು. ಈಗ ಫೋಟೋ ತೋರಿಸಬೇಕು, ಫೋನ್ ನಂಬರ್ ಬರೆದುಕೊಡಬೇಕು, ಕಾಯಬೇಕು.

ಆದರೆ ಇದೆಲ್ಲ ಹತ್ತು ವರ್ಷದಿಂದ ಇದ್ದದ್ದೇ. ಇದರಿಂದ ನಾನು ಯಾವತ್ತೂ ಕಾರು ಮಾರುವ ಯೋಚನೆ ಮಾಡಿರಲಿಲ್ಲ. ಪ್ರೀತಿಯ ವಸ್ತುವಿಗೆ ಖರ್ಚು ಮಾಡುವುದು ನನಗೆ ಹೊರೆ ಅನ್ನಿಸುವುದಿಲ್ಲ. ನನ್ನ ದುಡ್ಡು, ನನ್ನ ಭಾನುವಾರ, ನನ್ನ ಸೊಂಟ. ಇಷ್ಟು ವರ್ಷ ಲೆಕ್ಕಕ್ಕೆ ಇದ್ದವಳು ನಾನೊಬ್ಬಳೇ. ಈಗ ಅಮ್ಮ ನನ್ನ ಜೊತೆ ಇದ್ದಾಳೆ. ವಾರಕ್ಕೆರಡು ಸಲ ಫಿಸಿಯೋ, ತಿಂಗಳಿಗೊಮ್ಮೆ ಡಾಕ್ಟರ್, ಅವಳ ತಂಗಿಯ ಮನೆ, ಮದುವೆ, ಗೃಹಪ್ರವೇಶ. ಕಾರು ಹತ್ತುವವರು ಬದಲಾಗಿದ್ದಾರೆ, ಕಾರು ಬದಲಾಗಿಲ್ಲ.

ಇಲ್ಲೇ ಒಂದು ಮಾತು ಹೇಳಬೇಕು. ಕಾರು ಇರಬೇಕಾದದ್ದು ಓಡಿಸುವವರಿಗೋ, ಹತ್ತುವವರಿಗೋ ಅನ್ನುವ ಈ ಪ್ರಶ್ನೆಯನ್ನು ಹೋಂಡಾದವರೇ ನಮಗಿಂತ ಮೊದಲು ಎದುರಿಸಿದ್ದರು. 2003ರಲ್ಲಿ ಅವರು ಈ ಸಿಟಿಯನ್ನು ನಿಲ್ಲಿಸಿ ಹೊಸ ಸಿಟಿ ತಂದರು. ಉದ್ದ ಮೂಗು ಹೋಗಿ ಎತ್ತರದ ತಲೆ ಬಂತು. ಒಳಗೆ ಧಾರಾಳ ಜಾಗ, ಒಳ್ಳೆಯ ಮೈಲೇಜು. ಶಕ್ತಿ 106ರಿಂದ 77ಕ್ಕೆ ಇಳಿಯಿತು. ನನ್ನಂಥ ಹುಚ್ಚಿನವರು ತುಂಬಾ ಬೇಜಾರು ಮಾಡಿಕೊಂಡೆವು. ಹೆಸರು ಅದೇ ಇಟ್ಟು ಜೀವ ತೆಗೆದರು ಅಂತ ನಾನೂ ಹೇಳಿದ್ದುಂಟು. ಆದರೆ ಆ ಕಾರು ಚೆನ್ನಾಗಿ ಓಡಿತು. ಮನೆಮಂದಿಯೆಲ್ಲ ಆರಾಮಾಗಿ ಕೂತು ತಿರುಪತಿಗೆ ಹೋಗಿ ಬಂದರು. ಆಗ ನಾನು ಆ ಕಾರನ್ನು ನೋಡಿದ್ದು ಸ್ಟೀರಿಂಗ್ ಹಿಂದಿನ ಸೀಟಿನಿಂದ ಮಾತ್ರ. ಬೇರೆ ಮೂರು ಬಾಗಿಲಿನಿಂದ ಹತ್ತುವವರ ಕಣ್ಣಲ್ಲಿ ನೋಡಿರಲಿಲ್ಲ.

ಸೇವಂತಿಗೆ

ವ್ಯಾಗನ್ ಆರ್ ನೋಡಲು ಹೋಗಿದ್ದು ತಮ್ಮನ ಒತ್ತಾಯಕ್ಕೆ. 1999ರ ಕೊನೆಗೆ ಅದು ಬಂದಾಗ, ನಾನು ಕಾಲೇಜು ಮುಗಿಸಿದ ಹೊಸತು, ಅದನ್ನು ಕಾರು ಅಂತ ಒಪ್ಪಿಕೊಳ್ಳಲೂ ನನಗೆ ಮನಸ್ಸಿರಲಿಲ್ಲ. ಡಬ್ಬದ ಹಾಗೆ ಎತ್ತರ, ನೇರ ಗೋಡೆಗಳು. ಅದೇ ಕಾರು 2024-25ರಲ್ಲಿ ದೇಶದಲ್ಲಿ ಅತಿ ಹೆಚ್ಚು ಮಾರಾಟವಾದ ಕಾರು. ಎತ್ತರ ಇರುವುದಕ್ಕೂ, ಇಷ್ಟು ಮನೆಗಳಿಗೆ ಅದು ಹೋಗಿರುವುದಕ್ಕೂ ಏನು ಸಂಬಂಧ ಅನ್ನುವುದು ನನಗೆ ಅರ್ಥ ಆಗಿದ್ದು ಅಮ್ಮನನ್ನು ಅದರ ಡೋರ್ ಹತ್ತಿರ ನಿಲ್ಲಿಸಿದಾಗ. ಅವಳು ಸೀಟಿಗೆ ಬೆನ್ನು ಮಾಡಿ ನಿಂತಳು. ಹಿಂದಕ್ಕೆ ಒರಗಿದಳು, ಕೂತಾಗಿತ್ತು. ಬಗ್ಗಲಿಲ್ಲ. ಬೀಳಲಿಲ್ಲ. ಕಾಲನ್ನು ಕೈಯಲ್ಲಿ ಎತ್ತಿಡಲಿಲ್ಲ. ಎರಡೂ ಕಾಲು ತಾವೇ ಒಳಗೆ ಬಂದವು. ನಾನು ಹಿಡಿದುಕೊಳ್ಳಲು ಚಾಚಿದ ಕೈ ಹಾಗೇ ಗಾಳಿಯಲ್ಲಿತ್ತು.

'ಕುರ್ಚಿ ಥರ ಇದೆ ಕಣೆ' ಅಂದಳು.

ಟೆಸ್ಟ್ ಡ್ರೈವ್ ಅಂದರೆ ಶೋರೂಮಿನ ಸುತ್ತ ಎರಡು ಕಿಲೋಮೀಟರ್. ನಾನು ಗೇರು, ಬ್ರೇಕು, ಸ್ಟೀರಿಂಗಿನ ಭಾರ ನೋಡುತ್ತಿದ್ದೆ. ಓಡಿಸುವುದು ಸುಲಭ. ಆಟೋಮ್ಯಾಟಿಕ್, ಕ್ಲಚ್ ಪೆಡಲ್ ಇಲ್ಲ. ಎಡಗಾಲಿಗೆ ಕೆಲಸವೇ ಇಲ್ಲ. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳುವ ಊರಿನಲ್ಲಿ ಇದು ಎಷ್ಟು ದೊಡ್ಡ ಸುಖ ಅಂತ ಎಲ್ಲರೂ ಹೇಳುತ್ತಾರೆ, ನಿಜ. ಆದರೆ ನನ್ನ ಕೈಗೆ ಏನೂ ಸುದ್ದಿ ಬರುತ್ತಿರಲಿಲ್ಲ. ರಸ್ತೆ ಎಲ್ಲೋ ಕೆಳಗೆ, ನಾನು ಎಲ್ಲೋ ಮೇಲೆ. ಬೇಡ ಅಂತ ಹೇಳಲು ಮನಸ್ಸಿನಲ್ಲೇ ಮಾತು ಜೋಡಿಸಿಕೊಳ್ಳುತ್ತಿದ್ದೆ. ಆಗ ಅಮ್ಮ ಕಿಟಕಿಯ ಆಚೆ ನೋಡುತ್ತಾ, 'ಆ ಮನೆಯವರು ಕಾಂಪೌಂಡ್ ಒಳಗೆ ಎಷ್ಟು ಚೆಂದ ಸೇವಂತಿಗೆ ಹಾಕಿದಾರೆ ನೋಡು' ಅಂದಳು. ಸ್ವಲ್ಪ ಮುಂದೆ ಹೋದ ಮೇಲೆ, 'ಇಲ್ಲೊಂದು ಗಣಪತಿ ದೇವಸ್ಥಾನ ಇದೆಯಲ್ಲೇ' ಅಂದಳು. ಅದು ನಾವು ತಿಂಗಳಲ್ಲಿ ಹತ್ತು ಸಲ ಹೋಗುವ ರಸ್ತೆ. ಇಷ್ಟು ದಿನ ಹೇಳಲಿಲ್ಲವಲ್ಲ ಅಂದೆ. 'ನಿನ್ನ ಕಾರಲ್ಲಿ ಕೂತ್ರೆ ನಂಗೆ ಲಾರಿ ಚಕ್ರ ಕಾಣ್ಸುತ್ತೆ, ಬಸ್ಸಿನ ಚಕ್ರ ಕಾಣ್ಸುತ್ತೆ. ಇನ್ನೇನೂ ಕಾಣಲ್ಲ' ಅಂದಳು. ದೂರುವ ದನಿ ಅಲ್ಲ. ಅವಳ ಪಾಲಿಗೆ ಕಾರು ಅಂದರೆ ಹಾಗೇ ಅಂತ ಅಂದುಕೊಂಡಿದ್ದಳು.

ಹತ್ತೊಂಬತ್ತು ವರ್ಷ. ಊರಿಗೆ, ಧರ್ಮಸ್ಥಳಕ್ಕೆ, ಹೊರನಾಡಿಗೆ ಎಷ್ಟು ಸಲ ಕರೆದುಕೊಂಡು ಹೋಗಿದ್ದೇನೆ. ನನಗೆ ಒಂದೊಂದು ತಿರುವೂ ನೆನಪಿದೆ. ಅವಳಿಗೆ ಚಕ್ರಗಳು.

ಶೆಡ್ಡು

ಎರಡೂ ಇಟ್ಟುಕೋ ಅಂತ ನೀವು ಹೇಳಬಹುದು. ಅಪಾರ್ಟ್‌ಮೆಂಟಿನಲ್ಲಿ ನನಗಿರುವುದು ಒಂದೇ ಪಾರ್ಕಿಂಗ್. ಬೀದಿಯಲ್ಲಿ ನಿಲ್ಲಿಸಿದರೆ ಒಂದು ಮಳೆಗಾಲದಲ್ಲಿ ಈ ಕಾರಿನ ಕಥೆ ಮುಗಿಯುತ್ತದೆ. ಊರಿನ ಮನೆಯ ಹಿತ್ತಲಲ್ಲಿ ಶೆಡ್ಡಿದೆ, ಅಲ್ಲಿ ಇಡು ಅಂತ ತಮ್ಮ ಹೇಳಿದ. ಒಂದು ವಾರ ಅದೇ ಸರಿ ಅನ್ನಿಸಿತ್ತು. ಆಮೇಲೆ ಅಪ್ಪ ಓಡಿಸುತ್ತಿದ್ದ ಜೀಪು ನೆನಪಾಯಿತು. ಹೊಸ ಜೀಪು ಬಂದ ಮೇಲೆ ಅದನ್ನು ತೋಟದ ಗೋದಾಮಿನ ಪಕ್ಕ, ಒಳ್ಳೆಯ ಸೂರಿನ ಕೆಳಗೇ ನಿಲ್ಲಿಸಿದ್ದರು. ಆಗಾಗ ಸ್ಟಾರ್ಟ್ ಮಾಡೋಣ ಅಂದುಕೊಂಡಿದ್ದರು. ಮೊದಲ ವರ್ಷ ಬ್ಯಾಟರಿ ಹೋಯಿತು. ಎರಡನೇ ವರ್ಷ ಇಲಿ ವೈರು ಕಡಿಯಿತು. ಐದು ತಿಂಗಳು ಬಿಡದೆ ಸುರಿಯುವ ಊರಲ್ಲಿ ಕಬ್ಬಿಣಕ್ಕೆ ಸೂರು ಸಾಲದು, ಓಡಾಟ ಬೇಕು. ನಾನು ನೋಡಿದಾಗ ಅದರ ಫ್ಲೋರಿನಲ್ಲಿ ಅಂಗೈ ಅಗಲದ ತೂತು ಬಿದ್ದಿತ್ತು, ಅದರೊಳಗಿಂದ ಒಂದು ಕೆಸುವಿನ ಎಲೆ ಮೇಲೆ ಬಂದಿತ್ತು. ಅಪ್ಪ ಆ ಕಡೆ ಹೋದರೆ ಇನ್ನೊಂದು ದಾರಿ ಸುತ್ತಿಕೊಂಡು ಬರುತ್ತಿದ್ದರು. ಅದನ್ನು ನೋಡಲು ಅವರಿಂದ ಆಗುತ್ತಿರಲಿಲ್ಲ.

ನನ್ನ ಕಾರಿಗೆ ಹಾಗಾಗಲು ಬಿಡುವುದಿಲ್ಲ. ಅದನ್ನು ಓಡಿಸುವವರು ಇರಬೇಕು, ನಾನಲ್ಲದಿದ್ದರೂ.

ಎಡಗಡೆ ಸೀಟು

ಗುಜರಿಯವರು ಫೋನ್ ಮಾಡಿದರು, ಬೇಡ ಅಂದೆ. ಕಾರಿನ ಪಾರ್ಟ್‌ಗೋಸ್ಕರ ಪೂರ್ತಿ ಕಾರನ್ನೇ ಕೇಳಿದ ಒಬ್ಬರಿಗೂ ಬೇಡ ಅಂದೆ. ಕೊನೆಗೆ ಭಾಯ್ ಒಬ್ಬ ಹುಡುಗನನ್ನು ಕಳಿಸಿದರು. ಶಿವಮೊಗ್ಗದವನು, ಇಲ್ಲಿ ಯಾವುದೋ ಕಂಪನಿಯಲ್ಲಿ ಕೆಲಸ. ವಯಸ್ಸು ಇಪ್ಪತ್ತೇಳು ಇರಬಹುದು. ಈ ಕಾರು ರಿಜಿಸ್ಟರ್ ಆದಾಗ ಅವನಿನ್ನೂ ಶಾಲೆಗೂ ಸೇರಿರಲಿಲ್ಲ. ಬಂದವನು ಮೊದಲು ಕೂರಲಿಲ್ಲ. ಬಗ್ಗಿ ಕೆಳಗೆ ನೋಡಿದ, ತುಕ್ಕು ಎಲ್ಲಿ ಬರುತ್ತದೋ ಅಲ್ಲಿ ಬೆರಳಾಡಿಸಿದ. ಬಾನೆಟ್ ತೆಗೆದು ಆಯಿಲ್ ಕಡ್ಡಿ ಎಳೆದು, ತನ್ನದೇ ಕರ್ಚೀಫಿನಲ್ಲಿ ಒರೆಸಿದ. 'ಆಯಿಲ್ ಯಾವಾಗ ಬದಲಾಯಿಸಿದ್ದು ಆಂಟಿ?' ಅಂತ ಕೇಳಿದ. ನನ್ನ ಪುಸ್ತಕ ಕೊಟ್ಟೆ. 2007ರಿಂದ ಒಂದೊಂದು ಸರ್ವಿಸ್ಸೂ ತಾರೀಖು ಹಾಕಿ ಬರೆದಿಟ್ಟಿದ್ದೇನೆ. ಅವನು ನಿಂತಲ್ಲೇ ಒಂದೊಂದೇ ಹಾಳೆ ತಿರುಗಿಸಿ ಓದಿದ. ಹತ್ತು ನಿಮಿಷ ಓದಿರಬೇಕು. ರೇಟಿನ ಮಾತು ಆಗ ನಮ್ಮಿಬ್ಬರಿಗೂ ನೆನಪಿರಲಿಲ್ಲ.

ನೈಸ್ ರೋಡಿಗೆ ಹೋದೆವು. ಅವನು ಓಡಿಸಿದ, ನಾನು ಪಕ್ಕದಲ್ಲಿ ಕೂತೆ. ನನ್ನ ಕಾರಿನ ಎಡಗಡೆ ಸೀಟಿನಲ್ಲಿ ನಾನು ಕೂತಿದ್ದು ಅದೇ ಮೊದಲು. ಎಲ್ಲಿಗೆ ಹೋದರೂ ಯಾವಾಗಲೂ ನಾನೇ ಓಡಿಸಿದವಳು. ಅಲ್ಲಿಂದ ಮುಳ್ಳು ಓರೆಯಾಗಿ ಕಾಣುತ್ತದೆ. ಪಕ್ಕದಲ್ಲಿ ಒಂದು ಟಿಪ್ಪರ್ ಹೋಗುತ್ತಿತ್ತು. ಕಿಟಕಿಯ ತುಂಬಾ ಅದರ ಚಕ್ರ, ನಟ್ಟುಗಳು, ಮಣ್ಣು. ಅಮ್ಮ ಹೇಳಿದ್ದು ಇದನ್ನೇ. 'ವೇಗ ಬೇಡ, ಎರಡನೇ ಗೇರಿನಲ್ಲೇ ಗೊತ್ತಾಗುತ್ತೆ, ಬಿಡದೆ ಒತ್ತು' ಅಂದೆ. ಒತ್ತಿದ. ದನಿ ಬದಲಾಯಿತು. ಹುಡುಗ ಏನೂ ಹೇಳಲಿಲ್ಲ. ಅವನ ಬಾಯಿ ಸ್ವಲ್ಪ ತೆರೆದಿತ್ತು. ಮತ್ತೆ ಕಾಲು ತೆಗೆದು, ಇನ್ನೊಂದು ಸಲ ಒತ್ತಿ ಕೇಳಿಸಿಕೊಂಡ.

ವಾಪಸ್ ಬಂದು ಮನೆ ಕೆಳಗೆ ನಿಲ್ಲಿಸಿದ. ಆರ್‌ಸಿ ಖರ್ಚು ಅವನು ನೋಡಿಕೊಳ್ಳುತ್ತಾನೆ, ಪೆಟ್ರೋಲ್ ಪೈಪುಗಳೆಲ್ಲ ಹೊಸದು ಹಾಕಿಸಿಯೇ ಊರಿಗೆ ತಗೊಂಡು ಹೋಗಬೇಕು, ಇಷ್ಟು ಮಾತಾಯಿತು. ಪುಸ್ತಕವನ್ನು ಮುಂದುವರಿಸಿ ಬರೆಯಲೇ ಅಂತ ಅವನೇ ಕೇಳಿದ. ಹೂಂ ಅಂದೆ. ಡೋರ್ ತೆಗೆದು ಎಡಗಾಲು ಹೊರಗಿಟ್ಟೆ. ಬಲಗಾಲೂ ಇಟ್ಟೆ. ಏಳಲು ನೋಡಿದೆ. ಆ ಕಡೆ ಸ್ಟೀರಿಂಗ್ ಇರುತ್ತದೆ, ಹಿಡಿದು ಏಳುತ್ತಿದ್ದೆ. ಇಲ್ಲಿ ಹಿಡಿಯಲು ಏನೂ ಇಲ್ಲ. ಮಂಡಿ ಸೊಂಟಕ್ಕಿಂತ ಮೇಲಿತ್ತು. ನನ್ನ ಎಡಗೈ ತಾನಾಗಿ ಮೇಲೆ ಹೋಗಿ ಚೌಕಟ್ಟಿನ ಅಂಚು ಹುಡುಕಿತು. ಅಲ್ಲಿ ರಬ್ಬರ್ ಬೀಡಿಂಗ್ ಒಂದು ಕಡೆ ಸಡಿಲವಾಗಿ ಸ್ವಲ್ಪ ಹೊರಗೆ ಬಂದಿದೆ, ನಾಲ್ಕು ಬೆರಳಗಲ. ನನ್ನ ಬೆರಳುಗಳು ಸರಿಯಾಗಿ ಆ ಜಾಗದಲ್ಲಿ ಕೂತವು.